ನಾಲ್ಕು ಪುಟಾಣಿ, ಒಂದು ಜೋಳ

ನಮ್ಮ ಮನೆಗೆ ಬಂದ ಇಂಗ್ಲಿಷ್ ಮಾತುಗಳೆಲ್ಲ ಯಾವುದಾದರೂ ಸಾಮಾನಿನ ಬೆನ್ನು ಹತ್ತಿಯೇ ಬಂದವು. ಸ್ಟೋ ಬಂದಾಗ ಸ್ಟೋ ಎನ್ನುವ ಮಾತು ಬಂತು, ಬಲ್ಬು ಬಂದಾಗ ಬಲ್ಬು ಎನ್ನುವ ಮಾತು. 'ಬ್ಯಾಲಟ್' ಒಂದೇ ಬರಿಗೈಯಲ್ಲಿ ಬಂದದ್ದು. ಅದನ್ನು ಅಪ್ಪ ಕಾರ್ಖಾನೆಯಿಂದ ತಂದ. ಗೋವಾದ ಕುಂಡಯಿ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಬಣ್ಣ ತುಂಬುವ ತಗಡಿನ ಡಬ್ಬಿ ಮಾಡುವ ಒಂದು ಕಂಪನಿ ಇತ್ತು. ಅಪ್ಪ ಅಲ್ಲಿ ಡಬ್ಬಿಗೆ ತಳ ಕೂಡಿಸುವ ಮಷೀನಿನ ಮೇಲೆ ಇದ್ದ. ಆ ವರ್ಷ ಯೂನಿಯನ್ನಿನವರು ಕಮಿಟಿ ಆರಿಸುವಾಗ ಕೈ ಎತ್ತಿಸುವುದನ್ನು ಬಿಟ್ಟು ಚೀಟಿ ಹಾಕಿಸಿದರು. ಕೈ ಎತ್ತಿದರೆ ಸೂಪರ್‌ವೈಸರನ ಕಣ್ಣಿಗೆ ಬೀಳುತ್ತದೆ, ಚೀಟಿಯಾದರೆ ಯಾರದು ಏನು ಎಂದು ದೇವರಿಗೂ ತಿಳಿಯುವುದಿಲ್ಲ ಎಂದು ಹಟ ಹಿಡಿದು ಹಾಗೆ ಮಾಡಿಸಿದವನು ಅಪ್ಪನೇ. ಪೆಟ್ಟಿಗೆಯ ಪಕ್ಕ ನಿಂತವನೂ ಅವನೇ. ಅವತ್ತು ಸಂಜೆ ಕೈಕಾಲು ಸಹ ತೊಳೆಯದೆ ಹೊಸ್ತಿಲ ಮೇಲೆ ಕೂತು, ನಮ್ಮನ್ನೆಲ್ಲ ಕರೆದು, ಹೊಸ ಅಳಿಯನನ್ನು ತೋರಿಸುವವರ ಹಾಗೆ ಆ ಮಾತನ್ನು ನಮಗೆ ತೋರಿಸಿದ.

"ಸೀಕ್ರೆಟ್ ಬ್ಯಾಲಟ್ ಅಂತಾರ ಇದಕ್ಕ. ನೀ ಏನ್ ಹಾಕಿದಿ ಅನ್ನೂದು ನಿನಗಷ್ಟ ಗೊತ್ತು. ಮಾಲಕ ಆಳನ್ನ ಕೇಳಾಂಗಿಲ್ಲ, ಗಂಡ ಹೆಣ್ತೀನ ಕೇಳಾಂಗಿಲ್ಲ."

"ಹಂಗಾದ್ರ ನಮ್ಮ ಮನ್ಯಾಗೂ ಒಂದ ಇಡ್ರಿ," ಅಂದಳು ಅವ್ವ. "ಇಲ್ಲಿ ಯಾರೂ ಯಾರನ್ನೂ ಕೇಳೂದ ಇಲ್ಲ. ನೀವೊಬ್ರು ಹೇಳ್ತೀರಿ, ನಾವು ಮಾಡ್ತೀವಿ."

ಅವ್ವ ಚೇಷ್ಟೆಗೆ ಅಂದದ್ದು. ಅಪ್ಪ ಅದನ್ನು ಖರೇ ಮಾಡಿದ.

ನಾವಿದ್ದದ್ದು ಎಸ್ಟೇಟಿನ ಗುಡ್ಡದ ಕೆಳಗಿನ ಒಂದು ಚಾಳಿನಲ್ಲಿ. ಕೆಂಪು ಚಿರೇಕಲ್ಲಿನ ಗೋಡೆ, ಮೇಲೆ ಸಿಮೆಂಟ್ ಶೀಟು, ಸಾಲಾಗಿ ಆರು ಖೋಲಿ. ಎಲ್ಲರೂ ಬಿಜಾಪುರ, ಬಾಗಲಕೋಟೆ ಕಡೆಯವರು, ಎಲ್ಲ ಮನೆಯ ಗಂಡಸರೂ ಎಸ್ಟೇಟಿನಲ್ಲೇ ದುಡಿಯುವವರು. ನಮ್ಮದು ಒಂದು ಖೋಲಿ, ಹಿಂದೆ ಒಲೆ, ಒಲೆಯ ಆಚೆ ಮೂಲೆಯಲ್ಲಿ ಬಚ್ಚಲು. ಬಚ್ಚಲಿಗೆ ಬಾಗಿಲಿರಲಿಲ್ಲ, ಅವ್ವನ ಹಳೇ ಇಳಕಲ್ ಸೀರೆಯ ಪರದೆ ಇತ್ತು. ಇಷ್ಟರಲ್ಲಿ ಐದು ಜನ: ಅಪ್ಪ, ಅವ್ವ, ಅಪ್ಪನ ತಾಯಿ (ಅವಳನ್ನು ನಾವು ಆಯಿ ಎನ್ನುತ್ತಿದ್ದೆವು), ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಗಂಗಕ್ಕ, ಹತ್ತು ವರ್ಷದ ನಾನು. ಗುಟ್ಟು ಇಡುವುದಕ್ಕೆ ಆ ಮನೆಯಲ್ಲಿ ಜಾಗವೇ ಇರಲಿಲ್ಲ. ಆಯಿ ಜೋರಾಗಿ ತೇಗಿದರೆ ಪಕ್ಕದ ಖೋಲಿಯ ಜೈಬು ಕಾಕಿ ಒಂದು ಚಿಟಿಕೆ ಅಜವಾನ ಹಿಡಿದು ಬರುತ್ತಿದ್ದಳು. ಜೈಬು ಕಾಕಿಯ ಗಂಡ ಬಶೀರ್ ಕಾಕಾ ಕಂಪನಿಯಲ್ಲಿ ಅಪ್ಪನ ಪಕ್ಕದ ಮಷೀನಿನವನು. ಅಪ್ಪ, ಅವನು ಒಂದೇ ತಾಲೂಕಿನವರು, ಒಂದೇ ಬಸ್ಸಿನಲ್ಲಿ ಕೂತು ಗೋವಾಕ್ಕೆ ಬಂದವರು. ಇಬ್ಬರ ಚಹಾ ಒಂದೇ ಬಸಿಯಲ್ಲಿ ಅರ್ಧರ್ಧ ಆಗುತ್ತಿತ್ತು.

ಮನೆಯ ಮೊದಲ ಬ್ಯಾಲಟ್ ಚೀಟಿಯದು: ಪಂಚಮಿಗೆ ಊರಿಗೆ ಹೋಗುವುದೋ ಬೇಡವೋ. ಅದು ಕೆಟ್ಟಿತು. ಅವ್ವನಿಗೂ ಆಯಿಗೂ ಅಕ್ಷರ ಬಾರದು, ಇಬ್ಬರ ಚೀಟಿಯನ್ನೂ ಗಂಗಕ್ಕನೇ ಬರೆದುಕೊಟ್ಟಳು, ಅಂದಮೇಲೆ ಗುಟ್ಟೆಲ್ಲ ಗಂಗಕ್ಕನ ಪಾಲಾಯಿತು. ಅಪ್ಪ ಒಂದು ವಾರ ತಲೆ ಕೆರೆದುಕೊಂಡು ಕಾಳಿನ ದಾರಿ ಹುಡುಕಿದ. ಒಬ್ಬೊಬ್ಬರಿಗೆ ಒಂದು ಜೋಳ, ಒಂದು ಪುಟಾಣಿ (ಹುರಿಗಡಲೆ). ಜೋಳ ಅಂದರೆ ಹೌದು, ಪುಟಾಣಿ ಅಂದರೆ ಬೇಡ. ಕಂಪನಿಯವರು ಸೊಟ್ಟ ಇದೆಯೆಂದು ಎಸೆದಿದ್ದ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊರೆದು ಪೆಟ್ಟಿಗೆ ಮಾಡಿದ. ಅದನ್ನು ಬಚ್ಚಲಲ್ಲಿ ಬೋರಲು ಹಾಕಿದ ಬಕೀಟಿನ ಮೇಲೆ ಇಟ್ಟ. ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಿ, ಒಂದು ಕಾಳನ್ನು ಡಬ್ಬಿಗೆ ಹಾಕಿ, ಇನ್ನೊಂದನ್ನು ಬಚ್ಚಲಿನ ಮೋರಿಗೆ ಬಿಟ್ಟು ಬರಬೇಕು. ಇದು ಅಪ್ಪನ ಕಾನೂನು. ಆಯಿ ಮಲಗಿದ್ದವಳು ಎದ್ದು ಕೂತಳು.

"ತಿನ್ನೂ ಕಾಳು ಬಚ್ಚಲಕ್ಕ ಬಿಡ್ತೀಯೇನ? ಯಾವ ಊರ ಬ್ಯಾಲಟ್ಟೋ ಇದು? ಕೈಯಾಗ ಉಳದದ್ದು ಅವರವರ ಪಾಲು. ತಿನ್ನವ್ರು ತಿನ್ಲಿ, ಇಡವ್ರು ಇಡ್ಲಿ."

ಕಾನೂನು ತಿದ್ದುಪಡಿಯಾಯಿತು. ಅಪ್ಪ ಎಡವಿದ್ದು ಅಲ್ಲಿ. ಕೈಯಲ್ಲಿ ಪುಟಾಣಿ ಉಳಿದರೆ ಯಾರಾದರೂ ಬಾಯಿಗೆ ಹಾಕಿಕೊಳ್ಳುತ್ತಾರೆ, ಹಸಿ ಜೋಳ ಉಳಿದರೆ ಯಾರೂ ಅಗಿಯುವುದಿಲ್ಲ. ಪರದೆಯಿಂದ ಬಾಯಾಡಿಸುತ್ತ ಬಂದವರು ಒಳಗೆ ಜೋಳ ಹಾಕಿ ಬಂದಿದ್ದಾರೆ ಎಂದೇ ಅರ್ಥ. ದೊಡ್ಡವರು ಯಾರಿಗೂ ಇದು ಹೊಳೆಯಲಿಲ್ಲ. ಶಾಲೆಯಲ್ಲಿ ಲೆಕ್ಕ ಚಲೋ ಮಾಡುತ್ತೇನೆಂದು ಅಪ್ಪ ನನ್ನನ್ನು ಎಣಿಸುವ ಅಧಿಕಾರಿಯಾಗಿ ಮಾಡಿ ಪರದೆಯ ಪಕ್ಕದಲ್ಲೇ ಕೂರಿಸುತ್ತಿದ್ದ. ನಾನು ಕೂತಲ್ಲಿಂದಲೇ ಎಲ್ಲರ ದವಡೆ ನೋಡುತ್ತಿದ್ದೆ. ಡಬ್ಬಿ ಬಿಚ್ಚುವ ಮೊದಲೇ ನನಗೆ ಫಲಿತಾಂಶ ಗೊತ್ತಿರುತ್ತಿತ್ತು, ಅದರ ಸೊಕ್ಕು ಮೈತುಂಬ ಇರುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಆಟ ಮುಗಿಯುತ್ತದೆ ಎಂಬಷ್ಟು ಬುದ್ಧಿ ಇತ್ತು. ಆ ವರ್ಷ ಇಂಥ ಐದಾರು ಬ್ಯಾಲಟ್ ಆದವು. ಮನೆಯಲ್ಲಿ ಮೀನು ಮಾಡಬಹುದೇ ಎನ್ನುವುದರಲ್ಲಿ ಮೂರು ಜೋಳ, ಎರಡು ಪುಟಾಣಿ ಬಂದು ಮೀನು ಗೆದ್ದಿತು. ಆಯಿ ವಿಭೂತಿಯ ಹಣೆ ಎತ್ತಿ, "ಬ್ಯಾಲಟ್ ನಿಮ್ದು, ಒಲಿ ನಂದು," ಅಂದಳು. ಗೆದ್ದ ಮೀನು ಕೊನೆಗೂ ನಮ್ಮ ಹೊಸ್ತಿಲು ದಾಟಲಿಲ್ಲ.

ಈಗ ನಾನು ಫೋಂಡಾದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಈ ಮಾತು ಪಾಠದಲ್ಲಿ ಬಂದಾಗ ಮಕ್ಕಳು ಮತಪತ್ರ ಎಂದು ಒಂದೇ ಅರ್ಥ ಹೇಳಿ ಕೂರುತ್ತಾರೆ. ನಾನು ಬಿಡುವುದಿಲ್ಲ. ಆ ಕಾಗದವೂ ಬ್ಯಾಲಟ್, ಹಾಗೆ ಗುಟ್ಟಾಗಿ ಮತ ಹಾಕುವ ಕ್ರಮವೂ ಬ್ಯಾಲಟ್, ಒಂದು ಸಂಘದವರನ್ನು ಕೇಳಿ ನೋಡುವುದೂ ಬ್ಯಾಲಟ್ ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಹಿಂದೆ ಎಲ್ಲೋ ದೂರದ ದೇಶದಲ್ಲಿ ಜನ ಸಣ್ಣ ಸಣ್ಣ ಗುಂಡು ಹಾಕಿ ತೀರ್ಮಾನ ಮಾಡುತ್ತಿದ್ದರಂತೆ, ಆ ಗುಂಡಿನ ಹೆಸರೇ ಈ ಮಾತಾಯಿತಂತೆ. ಇದನ್ನು ನಿಘಂಟಿನಲ್ಲಿ ಮೊದಲ ಸಲ ಓದಿದ ದಿನ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ, ಆಮೇಲೆ ನಗು ನಿಂತಿತು. ಆ ಮಾತು ನಮ್ಮ ಚಾಳಿನಲ್ಲಿ ಪಡೆದ ಅರ್ಥ ಯಾವ ನಿಘಂಟಿನಲ್ಲೂ ಇಲ್ಲ, ಅದನ್ನು ನಾನು ಹಲಗೆಯ ಮೇಲೆ ಬರೆಯುವುದೂ ಇಲ್ಲ.

ಮರುವರ್ಷ ಚೌತಿ ಮುಗಿದ ಮೇಲೆ ಕಂಪನಿಯಲ್ಲಿ ಸ್ಟ್ರೈಕು ಆಯಿತು. ಇನ್ನೂ ಕಾಯಂ ಆಗದ ಕೆಲವು ಜನ ಕಚ್ಚಾ ಕೆಲಸಗಾರರನ್ನು ತೆಗೆದುಹಾಕಿದ್ದೇ ಕಾರಣ. ಯೂನಿಯನ್ನಿನವರು ಮತ್ತೆ ಬ್ಯಾಲಟ್ ಮಾಡಿದರು, ಮತ್ತೆ ಅಪ್ಪ ಪೆಟ್ಟಿಗೆಯ ಪಕ್ಕ ನಿಂತ, ಸ್ಟ್ರೈಕಿಗೇ ಬಹುಮತ ಬಂತು. ಮೊದಲ ವಾರ ಚಾಳಿಗೆ ಹಬ್ಬದ ಕಳೆ. ಗಂಡಸರೆಲ್ಲ ಗೇಟಿನ ಮುಂದೆ ಚಪ್ಪರ ಹಾಕಿ ಕೂತರು, ಹೆಂಗಸರು ಬುತ್ತಿ ಕಟ್ಟಿದರು. ಎರಡನೆಯ ವಾರಕ್ಕೆ ಬುತ್ತಿ ತೆಳ್ಳಗಾಯಿತು. ನಾಲ್ಕನೆಯ ವಾರಕ್ಕೆ ನಮ್ಮ ಮನೆಯಲ್ಲಿ ಊರಿನಿಂದ ಬಂದ ಜೋಳದ ಚೀಲವೊಂದೇ ಉಳಿದಿತ್ತು. ಬೆಳಿಗ್ಗೆ ನುಚ್ಚು, ಸಂಜೆ ನುಚ್ಚು, ನಡುವೆ ಆಯಿಗೆ ಮಾತ್ರ ಒಂದು ರೊಟ್ಟಿ. ಅವ್ವ ನಮಗೆಲ್ಲ ಬಡಿಸಿ ಪಾತ್ರೆಗೆ ನೀರು ಹಾಕಿ ತೊಳೆದು ಆ ನೀರು ಕುಡಿಯುವುದನ್ನು ನೋಡಿದ್ದೇನೆ. ಹಸಿವಿಗಿಂತ ನನಗೆ ತಡೆಯಲಾಗದ್ದು ಅಪ್ಪ. ಚಪ್ಪರದಿಂದ ಮಧ್ಯಾಹ್ನವೇ ಬಂದು ಖೋಲಿಯ ನಡುವೆ ಕೂರುತ್ತಿದ್ದ. ಅವನು ಕೂತರೆ ನಮಗೆ ಓಡಾಡಲು ದಾರಿ ಇಲ್ಲ. ಲೋಟ ಸದ್ದಾದರೆ ಬೈಗುಳ, ಪುಸ್ತಕ ಜೋರಾಗಿ ಓದಿದರೆ ಬೈಗುಳ. ಒಂದು ದಿನ ಗಂಗಕ್ಕನ ಕೈಯಿಂದ ಎಣ್ಣೆಯ ಬಟ್ಟಲು ಜಾರಿ ಚೆಲ್ಲಿತು. ಅಪ್ಪ ಎದ್ದವನೇ ಅವಳ ಕಪಾಳಕ್ಕೆ ಬಾರಿಸಿದ. ಅದಕ್ಕೆ ಮೊದಲು ಅವನು ನಮ್ಮ ಮೇಲೆ ಕೈ ಎತ್ತಿದವನಲ್ಲ. ಅವತ್ತಿನಿಂದ ನಾನು ಶಾಲೆ ಬಿಟ್ಟ ಮೇಲೂ ಮನೆಗೆ ಬರದೆ ನಲ್ಲಿಯ ಕಟ್ಟೆಯ ಮೇಲೆ ಕೂರತೊಡಗಿದೆ.

ಅವ್ವ ಬಾಯಿ ಕಟ್ಟಿ ಕೂರುವವಳಲ್ಲ. ಅಪ್ಪನಿಗೆ ಎದುರಾಗಿಯೇ, ಆಚೀಚೆ ಖೋಲಿಗೆ ಕೇಳುವ ಹಾಗೆ ಅಂದಳು:

"ಝೇಂಡಾ ತಿಂದು ಹೊಟ್ಟಿ ತುಂಬತೈತೇನ್ರಿ? ಒಳಗ ಹೋಗೂದಿದ್ರ ಹೋಗ್ರಿ, ಇಲ್ಲಾ ನಮ್ಮನ್ನ ಊರಿಗೆ ಬಿಟ್ಟ ಬರ್ರಿ. ನಡುವ ಹಿಂಗ ಕುಂದ್ರಬ್ಯಾಡ್ರಿ."

"ಬ್ಯಾಲಟ್ ಮಾಡಿ ಕುಂತೇವಿ. ನಾನ ಪೆಟ್ಟಿಗಿ ಹಿಡದಾಂವ. ನಾನ ಎದ್ದ ಹೋದ್ರ ಮಂದಿ ಏನಂತಾರ?"

"ಮಂದಿ ನುಚ್ಚು ಕಳಸ್ತಾರೇನ?"

ಈ ಜಗಳ ಇಡೀ ಚಾಳು ಕೇಳಿತು. ಅದನ್ನು ಇಲ್ಲಿ ಯಾಕೆ ಬರೆದೆನೆಂದರೆ, ಮುಂದೆ ಅವ್ವನ ವಿರುದ್ಧ ಎಲ್ಲರ ಬಳಿ ಇದ್ದ ಸಾಕ್ಷಿ ಇದೊಂದೇ.

ಒಂದು ಶನಿವಾರ ಗೇಟಿಗೆ ನೋಟೀಸು ಹಚ್ಚಿದರು. ಸೋಮವಾರ ಬೆಳಿಗ್ಗೆ ಎಂಟರೊಳಗೆ ಕಾಗದಕ್ಕೆ ಸಹಿ ಮಾಡಿ ಒಳಗೆ ಬಂದವರಿಗೆ ಕೆಲಸ ಉಂಟು, ಬರದವರ ಹೆಸರು ಹಾಜರಿಯಿಂದ ತೆಗೆಯುತ್ತೇವೆ. ಬಶೀರ್ ಕಾಕಾ ನಮ್ಮ ಹೊಸ್ತಿಲಲ್ಲಿ ನಿಂತು, "ನಾ ಏನ ಒಳಗ ಹೋಗಾಂವಲ್ಲ ಮಲ್ಲಣ್ಣ, ನೀ ಇದ್ದೀಯಲ್ಲ, ಇಬ್ರೂ ಇರೂಣು," ಎಂದು ಹೇಳಿ ಹೋದ. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಭಾನುವಾರ ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಚಪ್ಪರಕ್ಕೆ ಹೋಗಿ ಬಂದ. ಊಟದ ಹೊತ್ತಿಗೆ ಅಟ್ಟಣಿಗೆಯ ಮೇಲಿಂದ ಆ ಡಬ್ಬಿ ಇಳಿಸಿ ಧೂಳು ಒರೆಸಿದ.

"ನಾ ಹೊರಗ ಇರಬೇಕೋ, ಒಳಗ ಹೋಗಬೇಕೋ? ಹೊರಗ ಅಂದ್ರ ಜ್ವಾಳ, ಒಳಗ ಅಂದ್ರ ಪುಟಾಣಿ. ಮನಿ ಏನ್ ಹೇಳತೈತಿ, ಹಂಗ ಮಾಡ್ತೀನಿ."

ಪುಟಾಣಿ ಮನೆಯಲ್ಲಿ ಇರಲೇ ಇಲ್ಲ. ಗಂಗಕ್ಕ ಹೋಗಿ ಜೈಬು ಕಾಕಿಯ ಹತ್ತಿರ ಐದು ಕಾಳು ಇಸಿದುಕೊಂಡು ಬಂದಳು. ಯಾಕೆಂದು ಕಾಕಿ ಕೇಳಿದಳಂತೆ, ಆಯಿಗೆ ಬೇಕೆಂದು ಗಂಗಕ್ಕ ಸುಳ್ಳು ಹೇಳಿದಳಂತೆ. ವಾರಗಟ್ಟಲೆ ನುಚ್ಚು ತಿಂದ ಬಾಯಿ. ಆ ಐದು ಕಾಳಿನ ವಾಸನೆಗೆ ನನ್ನ ಬಾಯಲ್ಲಿ ನೀರು ಬಂತು.

ಮೊದಲು ಆಯಿ ಹೋದಳು. ಹೊರಗೆ ಬಂದವಳೇ, "ನಂದು ಪುಟಾಣಿನ, ಮುಚ್ಚಿಡೂದು ಏನೈತಿ," ಅಂದಳು. ಹಾಗೆ ಹೇಳಬಾರದು ಎಂದು ಅಪ್ಪ ಗದರಿದ. ಆಮೇಲೆ ಅಪ್ಪ ಹೋದ. ಬಹಳ ಹೊತ್ತು ಒಳಗೇ ಇದ್ದ, ತಗಡಿಗೆ ಕಾಳು ಬಿದ್ದ ಟಿಕ್ ಎನ್ನುವ ಸದ್ದು ಬರಲೇ ಇಲ್ಲವಲ್ಲ ಎಂದು ನಾನು ಪರದೆಯ ಕಡೆ ಕಿವಿ ಇಟ್ಟೆ. ಬಂತು. ಹೊರಗೆ ಬಂದಾಗ ಅವನ ದವಡೆ ಬಿಗಿದಿತ್ತು, ಮುಷ್ಟಿ ಬಿಗಿದಿತ್ತು, ಮುಷ್ಟಿ ಅಂಗಿಯ ಜೇಬಿನ ಹತ್ತಿರ ಹೋಗಿ ಬಂತು. ಆಮೇಲೆ ಅವ್ವ. ಅವಳು ಪರದೆ ಸರಿಸಿ ಬಂದು ಯಾರ ಮುಖವನ್ನೂ ನೋಡದೆ ಒಲೆಯ ಕಡೆ ತಿರುಗಿ ಕೂತಳು. ನನಗೆ ಅವಳ ಬೆನ್ನು ಕಾಣುತ್ತಿತ್ತು, ಕಿವಿಯ ಕೆಳಗೆ ದವಡೆಯ ತುದಿ ಕಾಣುತ್ತಿತ್ತು. ಅದು ಒಂದು ಸಲ ಆಡಿತು, ನಿಂತಿತು, ಮತ್ತೆ ಮೆಲ್ಲಗೆ ಆಡಿತು. ನಂಬಲಾಗಲಿಲ್ಲ. ಇಷ್ಟು ದಿನ ಒಳಗೆ ಹೋಗಿರಿ ಎಂದು ಚಾಳಿಗೆಲ್ಲ ಕೇಳುವಂತೆ ಕೂಗಿದವಳು ಇವಳೇ. ಗಂಗಕ್ಕ ಹೋಗಿ ಬಂದಳು, ಬಾಯಿ ಆಡಲಿಲ್ಲ, ಅದು ನನಗೆ ಮೊದಲೇ ಗೊತ್ತಿತ್ತು.

ಕೊನೆಗೆ ನಾನು. ಬಚ್ಚಲಲ್ಲಿ ನಿಂತು ಎರಡೂ ಕಾಳನ್ನು ಅಂಗೈಯಲ್ಲಿ ನೋಡಿದೆ. ಬಡವರ ಹಕ್ಕು, ಒಗ್ಗಟ್ಟು ಎಂದು ಅಪ್ಪ ಹೇಳುತ್ತಿದ್ದುದೆಲ್ಲ ನನಗೆ ಬಾಯಿಪಾಠ ಬರುತ್ತಿತ್ತು. ಆ ಕ್ಷಣ ಒಂದೂ ನೆನಪಾಗಲಿಲ್ಲ. ಅಪ್ಪ ಬೆಳಿಗ್ಗೆ ಎದ್ದು ಮನೆ ಬಿಟ್ಟು ಹೋಗಬೇಕು, ಸಂಜೆಯವರೆಗೆ ಬರಬಾರದು, ಇಷ್ಟೇ ನನಗೆ ಬೇಕಿದ್ದದ್ದು. ಆಸೆಯಿಂದ ಬಾಯಲ್ಲಿ ನೀರೂರಿಸಿದ ಪುಟಾಣಿಯನ್ನೇ ಡಬ್ಬಿಗೆ ಹಾಕಿದೆ. ಆಗ ನಾನು ಅಪ್ಪನನ್ನು ದ್ವೇಷಿಸುತ್ತಿದ್ದೆ. ಇಷ್ಟು ವರ್ಷದ ಮೇಲೆ ಅದನ್ನು ಮೆತ್ತಗೆ ಮಾಡಿ ಹೇಳುವುದರಲ್ಲಿ ಅರ್ಥವಿಲ್ಲ.

ಡಬ್ಬಿ ಬಿಚ್ಚಿ ಚಾಪೆಯ ಮೇಲೆ ಸುರಿದೆ. ನಾಲ್ಕು ಪುಟಾಣಿ, ಒಂದು ಜೋಳ. ಅಪ್ಪ ಆ ಒಂದು ಜೋಳವನ್ನು ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ. ಎಣಿಸಿದ್ದು ತಪ್ಪಾಯಿತೇನೋ ಎಂದು ಹೆದರಿ ನಾನು ಮತ್ತೊಮ್ಮೆ ಎಣಿಸಿದೆ.

"ಆತು," ಅಂದ ಅಪ್ಪ. "ಮನಿ ಹೇಳಿದ ಮ್ಯಾಲ ಮುಗೀತು."

ಅವತ್ತೇ ಸಂಜೆ ಬಶೀರ್ ಕಾಕಾ ಬಂದ. ಅಪ್ಪ ಅವನನ್ನು ಒಳಗೆ ಕರೆಯದೆ ಹೊಸ್ತಿಲಲ್ಲೇ ಎದ್ದು ನಿಂತು ಹೇಳಿದ್ದನ್ನು ನಾನು ಕೊಡದ ಹಿಂದೆ ಕೂತು ಕೇಳಿದೆ.

"ಮನ್ಯಾಗ ಬ್ಯಾಲಟ್ ಆತು ಬಶೀರ. ನಂದೊಂದು ಜ್ವಾಳ, ಉಳದ ನಾಕೂ ಪುಟಾಣಿ. ನಾ ಸೋತೆ. ನಮ್ಮ ಮಾತಿಗೆ ನಾವ ತಪ್ಪಾಕ ಬರೂದಿಲ್ಲ ನೋಡು."

ಬಶೀರ್ ಕಾಕಾ, "ಖರೇನ ಬಿಡು, ಮನೀದು ಕೇಳಬೇಕು," ಎಂದು ಹೋದ. ಅಪ್ಪನ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ, ಕನಿಕರ ಬಂತು. ಅದನ್ನೇ ಅಪ್ಪ ಬಯಸಿದ್ದ ಎಂದು ತಿಳಿಯುವ ವಯಸ್ಸಲ್ಲ ನನ್ನದು. ನಾನಿನ್ನೂ ಅವ್ವನ ದವಡೆಯ ಲೆಕ್ಕದಲ್ಲಿದ್ದೆ. ಜೋಳ ಒಂದೇ ಇರುವುದು. ಅಪ್ಪ ತನ್ನದು ಅನ್ನುತ್ತಾನೆ. ಹಾಗಾದರೆ ಅವ್ವ ಅಗಿದದ್ದೇನು?

ಸೋಮವಾರ ಅಪ್ಪ ಕಂಪನಿಯ ನೀಲಿ ಬಟ್ಟೆ ಹಾಕಿಕೊಂಡು ಏಳೂವರೆಗೆ ಹೊರಟ. ಅವನ ಬಿಳಿ ಅಂಗಿಯನ್ನು ಒಗೆಯಲು ಅವ್ವ ನನ್ನ ಕೈಗೆ ಕೊಟ್ಟಳು. ನೆನೆಹಾಕುವ ಮೊದಲು ಜೇಬು ನೋಡುವುದು ನಮ್ಮ ಮನೆಯ ರೂಢಿ. ಜೇಬಿನ ಮೂಲೆಯಲ್ಲಿ ಒಂದು ಜೋಳದ ಕಾಳು ಸಿಕ್ಕಿತು. ಬಚ್ಚಲ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಅದನ್ನು ಅಂಗೈಯಲ್ಲಿ ಹೊರಳಿಸಿದೆ. ಜೋಳ ಕೈಯಲ್ಲಿ ಉಳಿದಿದೆ ಅಂದರೆ ಅಪ್ಪ ಡಬ್ಬಿಗೆ ಹಾಕಿದ್ದು ಪುಟಾಣಿ. ಸೋತೆ ಎಂದು ಬಶೀರ್ ಕಾಕಾನ ಮುಂದೆ ನಿಂತು ಹೇಳಿದ್ದು ಸುಳ್ಳು. ಮನೆಯಲ್ಲಿ ಹೊರಗಿರಿ ಎಂದದ್ದು ಅವ್ವ ಒಬ್ಬಳೇ. ತಲೆ ಎತ್ತಿದರೆ ಪರದೆ ಹಿಡಿದುಕೊಂಡು ಅವ್ವ ನಿಂತಿದ್ದಳು. ನನ್ನ ಕೈಯಿಂದ ಕಾಳು ತೆಗೆದುಕೊಂಡು ಜೋಳದ ಚೀಲಕ್ಕೆ ಹಾಕಿದಳು.

ಬಶೀರ್ ಕಾಕಾನೂ ಇನ್ನೂ ಹದಿನೈದು ಇಪ್ಪತ್ತು ಜನರೂ ಹೊರಗೇ ಉಳಿದರು. ಕಂಪನಿ ಹೇಳಿದಂತೆ ಅವರ ಹೆಸರು ತೆಗೆಯಿತು. ಆ ವಾರವೇ ನಲ್ಲಿಯ ಹತ್ತಿರ ಜೈಬು ಕಾಕಿ ತನ್ನ ಕೊಡ ಸರಿಸಿ ನಿಂತಳು. ಪಾಳಿಯಲ್ಲಿ ಅವ್ವ, ಅವ್ವನ ಹಿಂದೆ ನಾನು.

"ಕಾಳು ನನ್ನ ಮನೀವು ಬೇಕಾದುವೇನ ಶಾವಂತ್ರಕ್ಕ? ನನ್ನ ಪುಟಾಣಿ ಒಯ್ದು ನನ್ನ ಗಂಡನ್ನ ಒಬ್ಬನ್ನ ಮಾಡಿದ್ರಿ. ಮಲ್ಲಣ್ಣ ಪಾಪ ಹುಲಿ ಇದ್ದಂಗ ಇದ್ದ. ನೀ ಬಗ್ಗಿಸಿದಿ."

ಅವ್ವ ಕೊಡ ನೋಡುತ್ತಿದ್ದಳು. ನಾನು ಬಾಯಿ ತೆರೆದೆ, "ಕಾಕಿ, ಅದು..." ಅನ್ನುವಷ್ಟರಲ್ಲಿ ಅವ್ವ ತುಂಬಿದ ಕೊಡವನ್ನು ಎತ್ತಿ ನನ್ನ ಸೊಂಟಕ್ಕೆ ಒತ್ತಿದಳು. ನೀರು ತುಳುಕಿ ಲಂಗ ಒದ್ದೆಯಾಯಿತು. ಮನೆಗೆ ಬಂದ ಮೇಲೆ, ಒಲೆಗೆ ಕಟ್ಟಿಗೆ ತುರುಕುತ್ತ, ನನ್ನ ಕಡೆ ನೋಡದೆ ಹೇಳಿದಳು:

"ನೀ ಎಣಸಾಕಿ. ಎಣಸಾಕಿ ಬಾಯಿ ಬಿಡಬಾರ್ದು. ನಿಮ್ಮಪ್ಪಗ ನಾಳೆ ಅದ ಮಂದ್ಯಾಗ ದುಡೀಬೇಕೈತಿ. ನನಗೇನು, ನಾ ಒಲಿ ಮುಂದ ಕುಂದ್ರಾಕಿ."

ಜೈಬು ಕಾಕಿ ಮತ್ತೆ ಮೂರು ವರ್ಷ, ಅವರು ಮಡ್ಕಯಿ ಕಡೆ ಮನೆ ಮಾಡಿ ಹೋಗುವವರೆಗೆ, ಅವ್ವನ ಜೊತೆ ಮಾತಾಡಲಿಲ್ಲ. ನಮ್ಮ ಖೋಲಿಗೆ ಬ್ಯಾಲಟ್ ಮನೆ ಎಂಬ ಹೆಸರು ಬಿತ್ತು. ಚಾಳಿನಲ್ಲಿ ಯಾರಾದರೂ ತನ್ನ ಮನಸ್ಸಿನ ಮಾತನ್ನು ಬೇರೆಯವರ ತಲೆಗೆ ಕಟ್ಟಿದರೆ, "ಬ್ಯಾಲಟ್ ಮಾಡಬ್ಯಾಡ, ನಿನಗ ಬೇಕೋ ಬ್ಯಾಡೋ ಹೇಳು," ಎನ್ನುವುದು ರೂಢಿಗೆ ಬಂತು. ಅದು ಹೆಂಗಸರ ಬಾಯಲ್ಲಿ ಅವ್ವನಿಗೆ ಎಸೆಯುವ ಕಲ್ಲಾಗಿಯೇ ಹುಟ್ಟಿದ್ದು. ಎಷ್ಟು ಸರಿಯಾದ ಕಲ್ಲು ಎಷ್ಟು ತಪ್ಪಾದ ಗುರಿಗೆ ಬೀಳುತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮತ್ತೆ ಬ್ಯಾಲಟ್ ಆಗಲಿಲ್ಲ. ಅಪ್ಪ ಆ ಡಬ್ಬಿಯಲ್ಲಿ ಮೊಳೆ ತುಂಬಿಟ್ಟ.

ನನ್ನ ಮಟ್ಟಿಗೆ ಒಂದು ವಿಚಿತ್ರ ನಡೆಯಿತು. ಅಪ್ಪ ನನ್ನನ್ನು ಬೈಯುವುದನ್ನು ನಿಲ್ಲಿಸಿದ. ಗಂಗಕ್ಕನಿಗೆ, ಅವ್ವನಿಗೆ ಎಂದಿನಂತೆ ಬೈಗುಳ. ನನ್ನ ಮುಂದೆ ಮಾತ್ರ ದನಿ ತಗ್ಗಿಸುತ್ತಿದ್ದ. ಏನಾದರೂ ತೀರ್ಮಾನ ಮಾಡುವಾಗ, "ಕಮಲಿ ಏನಂತಾಳ?" ಎಂದು ಕೇಳುತ್ತಿದ್ದ. ಗಂಗಕ್ಕನಿಗೆ ಗಂಡು ನೋಡುವಾಗ ಅವ್ವನನ್ನು ಬಿಟ್ಟು ಹದಿಮೂರರ ನನ್ನನ್ನು ಕೇಳಿದ. ಅಕ್ಕನಿಗೆ ಹತ್ತನೆಯ ಇಯತ್ತೆ ಮುಗಿದ ಕೂಡಲೇ ಮದುವೆ, ನನಗೆ ಕಾಲೇಜು. ನಾನು ಜಾಣೆ, ಅದಕ್ಕೇ ಈ ಮರ್ಯಾದೆ ಎಂದು ತಿಳಿದುಕೊಂಡೆ. ನನ್ನ ಮಾತಿಗೆ ತೂಕವಿದೆ ಎಂಬ ಧೈರ್ಯ, ನಾಲ್ಕು ಜನರ ನಡುವೆ ಎದ್ದು ನಿಂತು ಮಾತಾಡುವ ಗತ್ತು, ಇವೆಲ್ಲ ನನಗೆ ಬಂದದ್ದು ಅಲ್ಲಿಂದ. ಜೊತೆಗೆ ಅಪ್ಪನ ಬಗ್ಗೆ ಒಂದು ತಿರಸ್ಕಾರ ಒಳಗೇ ಗಟ್ಟಿಯಾಯಿತು. ಅವನು ಯೂನಿಯನ್ನಿನ ಹಳೆಯ ಕತೆ ಹೇಳುವಾಗ ನಾನು ಎದ್ದು ಹೋಗುತ್ತಿದ್ದೆ.

ಈಗ ಅಪ್ಪ ಅವ್ವ ಫೋಂಡಾದಲ್ಲಿ ನನ್ನ ಜೊತೆ ಇದ್ದಾರೆ. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದವು. ಮಾತು ತೊದಲುತ್ತದೆ, ತಲೆ ಮಾತ್ರ ಚುರುಕಾಗಿದೆ. ಎದ್ದು ಬೂತಿಗೆ ಹೋಗಲಾರದವರ ಮನೆಗೇ ಬ್ಯಾಲಟ್ ತರುವ ವ್ಯವಸ್ಥೆ ಇದೆಯಲ್ಲ, ಅದಕ್ಕೆ ಹೋದ ಚುನಾವಣೆಯಲ್ಲಿ ನಾನೇ ಫಾರಂ ತುಂಬಿದೆ. ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅಧಿಕಾರಿಗಳು ಬಂದರು, ಒಬ್ಬ ಪೊಲೀಸ್, ಒಬ್ಬ ಕ್ಯಾಮೆರಾ ಹಿಡಿದವನು. ಮಂಚದ ಮೇಲೆ ರಟ್ಟಿನ ಮರೆ ಇಟ್ಟರು. ಕೈ ನಡುಗುತ್ತದೆ, ಮಗಳು ಗುರುತು ಹಾಕಬಹುದೇ ಎಂದು ಅಧಿಕಾರಿ ಹೆಂಗಸು ಕೇಳಿದಾಗ ಅಪ್ಪ ಎಡಗೈ ಎತ್ತಿ ಬೇಡ ಅಂದ. ಎಲ್ಲರೂ ಗೋಡೆಯ ಕಡೆ ತಿರುಗಿ ನಿಂತೆವು. ಬಹಳ ಹೊತ್ತು ಹಿಡಿಯಿತು. ಮಡಚಿ, ಲಕೋಟೆಗೆ ಹಾಕಿ, ಅಂಟಿಸಿ ಕೊಟ್ಟ. ಅವರು ಹೋದ ಮೇಲೆ ನಾನು ದಿಂಬು ಸರಿ ಮಾಡುತ್ತಿದ್ದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಅಪ್ಪ ನನ್ನ ಮುಂಗೈ ಹಿಡಿದ.

"ಅವತ್ತು ನಾನೂ ಪುಟಾಣಿನ ಹಾಕಿದ್ದೆ, ಕಮಲಿ."

ನಾನು ಮಂಚದ ಅಂಚಿಗೆ ಕೂತೆ.

"ಅಂಜಿದ್ದೆ. ಸೋತೆ ಅಂತ ಮಂದಿಗೆ ಹೇಳಿದೆ. ನಿನಗ ಗೊತ್ತಿತ್ತು. ಜ್ವಾಳ ನಿಂದ... ಹನ್ನೊಂದು ವರ್ಷದ ಹುಡುಗಿ, ನೀ ಒಬ್ಬಾಕಿ ನನ್ನ ಮಾತಿನ ಮ್ಯಾಲ ನಿಂತಿ. ಅವತ್ತಿಂದ ನಿನ್ನ ಮಾರಿ ನೋಡಿ ಮಾತಾಡಾಕ ನಾಚಿಕಿ ಬರ್ತಿತ್ತು ನನಗ." ಉಸಿರು ತೆಗೆದುಕೊಂಡ. "ನಿಮ್ಮವ್ವಗ ಏನೂ ಅನ್ನಬ್ಯಾಡ. ಪಾಪ, ಹಸದಿದ್ಲು. ಅಕೀದು ತಪ್ಪಿಲ್ಲ."

ಇಷ್ಟು ವರ್ಷ ನನಗೆ ಸಿಕ್ಕ ಮರ್ಯಾದೆ, ಕಾಲೇಜು, ಈ ನೌಕರಿ, ಎಲ್ಲವೂ ನಾನು ಹಾಕದ ಒಂದು ಕಾಳಿನ ಮೇಲೆ ನಿಂತಿತ್ತು. ನಾಚಿಕೆಯಿಂದ ಕಿವಿ ಸುಟ್ಟವು. ಅಪ್ಪಾ, ನಾನೂ ಪುಟಾಣಿ ಹಾಕಿದವಳೇ, ನೀನು ಮನೆಯಿಂದ ತೊಲಗಬೇಕೆಂದು ಹಾಕಿದೆ, ಜೋಳ ಅವ್ವನದು ಎಂದು ಹೇಳಲು ಬಾಯಿ ತೆರೆದು ಅವ್ವನ ಕಡೆ ನೋಡಿದೆ. ಸೊಪ್ಪು ಬಿಡಿಸುವ ಅವಳ ಕೈ ನಿಂತಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನನ್ನೇ ನೋಡಿ, ಗಲ್ಲವನ್ನು ಒಮ್ಮೆ ಕೆಳಗೆ ಮಾಡಿದಳು: ಹೂಂ ಅನ್ನು.

"ಹೌದಪ್ಪ," ಅಂದೆ.

ಅಪ್ಪ ಕಣ್ಣು ಮುಚ್ಚಿದ. ಮುಖ ಸಡಿಲವಾಯಿತು. ನಾನು ಎದ್ದು ಅಡುಗೆಮನೆಗೆ ಹೋದೆ. ಅವ್ವ ಚಹಾಕ್ಕೆ ನೀರಿಟ್ಟಿದ್ದಳು. ನನಗೆ ಅವಳ ಮೇಲೆ ಸಿಟ್ಟು ಉಕ್ಕುತ್ತಿತ್ತು, ನನ್ನ ಮೇಲಿನ ಸಿಟ್ಟನ್ನೇ ಅವಳ ಮೇಲೆ ಹಾಕುತ್ತಿದ್ದೆ.

"ಯಾಕ ಹೇಳಬಾರ್ದಿತ್ತು? ನಿನ್ನನ್ನ ಮಂದಿ ಏನೇನ ಅಂದ್ರು. ಈಗ ಅಪ್ಪನೂ ನಿನಗ ಪಾಪ ಅಂತಾನ. ನಿಂದಲ್ಲೇನವ್ವ ಆ ಜ್ವಾಳ?"

"ಮಗಳರ ತನ್ನ ಕೂಡ ಇದ್ಲು ಅಂತ ತಿಳಕೊಂಡು ಬದುಕ್ಯಾರ. ಈಗ ಮಂಚದ ಮ್ಯಾಲ ಮಲಗಿದ ಮ್ಯಾಲ ಅದನ್ನ ಕಸ್ಗೊಂಡು ನಾ ಏನ್ ಮಾಡ್ಲಿ?"

"ಅದ ಬಿಡು. ನೀ ಯಾಕ ಹಾಕಿದಿ? ಒಳಗ ಹೋಗ್ರಿ ಅಂತ ದಿನಾ ಒದರಾಕತ್ತಿದ್ದಿ. ನುಚ್ಚು ತೊಳದ ನೀರು ಕುಡ್ಯಾಕಿ ನೀ. ನೀ ಯಾಕ ಜ್ವಾಳ ಹಾಕಿದಿ?"

ಅವ್ವ ಸಕ್ಕರೆ ಹಾಕಿದಳು, ತಿರುವಿದಳು. ಅಪ್ಪನ ಲೋಟಕ್ಕೆ ಮೊದಲು ಸೋಸಿದಳು.

"ಅವರು ಜ್ವಾಳನ ಹಾಕಿರ್ತಾರ ಅಂತ ತಿಳಕೊಂಡಿದ್ದೆ," ಅಂದಳು. "ಅವರೊಬ್ರ ಆಗಬಾರ್ದಲ್ಲ ಅಂತ ಹಾಕಿದೆ."